ಪದಚರ್ಚೆ: ‘ಸ್ಟೇಟ್‌ಮೆಂಟ್ ಜ್ಯುವೆಲರಿ’ಗೆ ಕನ್ನಡದಲ್ಲಿ ಏನೆನ್ನೋಣ?

ಬಲ್ಲವರೆಲ್ಲರಿಗೂ ನಮಸ್ಕಾರ.

ವಾರಪತ್ರಿಕೆಯೊಂದರ ಮಹಿಳಾ ಪುಟಕ್ಕಾಗಿ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಟೀವಿಯಲ್ಲಿ ರಾಜಕೀಯ, ಕ್ರಿಕೆಟ್, ಬಜೆಟ್ ಕುರಿತು ಮಾತನಾಡಲು ಕೂರುವ ಹೆಂಗಸರು ಹಾಕಿಕೊಳ್ಳುವ ಭಾರೀ ಸರ, ಓಲೆಗಳು ಅದರ ವಿಷಯ. ಮೂಲದಲ್ಲಿ ಸಾಲುಸಾಲಿಗೂ ‘ಸ್ಟೇಟ್‌ಮೆಂಟ್ ಜ್ಯುವೆಲರಿ’ ಬರುತ್ತದೆ. ಇದಕ್ಕೆ ‘ಹೇಳಿಕೆ ಆಭರಣ’ ಎಂದು ಬರೆಯಲು ನನ್ನ ಕೈ ಏಳುತ್ತಿಲ್ಲ. ಹೇಳಿಕೆ ಎಂದರೆ ಸಚಿವರು ಕೊಟ್ಟು ಮರುದಿನ ಹಿಂಪಡೆಯುವಂಥದ್ದು, ಪೊಲೀಸರು ದಾಖಲಿಸಿಕೊಳ್ಳುವಂಥದ್ದು. ಅದನ್ನು ಕೊರಳಿಗೆ ಹಾಕಿಕೊಳ್ಳುವುದು ಹೇಗೆ?

ಈ ಒಡವೆಯ ಲಕ್ಷಣವನ್ನು ಮೊದಲು ಹೇಳಿಬಿಡುತ್ತೇನೆ. ಮೈಮೇಲೆ ಉಳಿದದ್ದೆಲ್ಲ ಸಾದಾ, ಒಂದು ಮಾತ್ರ ದೊಡ್ಡದು: ಅಂಗೈಯಗಲದ ಪದಕ, ಇಲ್ಲವೇ ಭುಜ ಮುಟ್ಟುವ ಜುಮುಕಿ, ಇಲ್ಲವೇ ಕೊರಳನ್ನು ಬಿಗಿದು ಕೂರುವ ಅಡ್ಡಿಕೆ. ಚಿನ್ನವೇ ಆಗಬೇಕೆಂದಿಲ್ಲ, ಅಂಗಡಿಯವರು ‘ಬ್ಲ್ಯಾಕ್ ಮೆಟಲ್’ ಎನ್ನುವ, ಕಪ್ಪಿಟ್ಟ ಬೆಳ್ಳಿಬಣ್ಣದ್ದನ್ನು ಹತ್ತಿಯ ಸೀರೆಯ ಮೇಲೆ ಹಾಕಿಕೊಳ್ಳುವವರು ಬೇಕಾದಷ್ಟಿದ್ದಾರೆ. ಇದರಲ್ಲಿ ಮೋಜಿನಷ್ಟೇ ಕ್ಯಾಮೆರಾದ ಕಟ್ಟಳೆಯೂ ಇದೆ. ಚರ್ಚೆಗೆ ಕೂತವರನ್ನು ಹೆಚ್ಚಾಗಿ ಎದೆಯಿಂದ ಮೇಲಕ್ಕಷ್ಟೇ ತೋರಿಸುತ್ತಾರೆ, ಹಾಗಾಗಿ ಡಾಬು, ಕಾಲುಂಗುರ ಲೆಕ್ಕಕ್ಕಿಲ್ಲ. ಕೈತುಂಬ ಬಳೆಯಿದ್ದರೆ ಮೇಜಿಗೆ ತಗುಲಿ ಸದ್ದು. ಉದ್ದನೆಯ ಸರ ಸೆರಗಿಗೆ ಸಿಕ್ಕಿಸಿದ ಪುಟ್ಟ ಮೈಕಿಗೆ ಉಜ್ಜಿದರೆ ಹಣಕಾಸು ಸಚಿವರ ಲೆಕ್ಕಾಚಾರಕ್ಕಿಂತ ಕರಕರ ಶಬ್ದವೇ ಜೋರಾಗಿ ಕೇಳುತ್ತದೆ. ಹೊಳಪಿನ ಚಿನ್ನ ಸ್ಟುಡಿಯೋ ದೀಪಕ್ಕೆ ಕಣ್ಣು ಕುಕ್ಕುತ್ತದೆ. ಹಸಿರು ಪರದೆಯ ಮುಂದೆ ಕೂತವರು ಪಚ್ಚೆಯ ಪದಕವನ್ನು ಮನೆಯಲ್ಲೇ ಬಿಟ್ಟು ಬರಬೇಕು. ಪರದೆಯ ಹಸಿರನ್ನು ಅಳಿಸಿ ಬೇರೆ ಚಿತ್ರ ಕೂರಿಸುವ ಯಂತ್ರ ಪಚ್ಚೆಯನ್ನೂ ಅಳಿಸಿ, ಎದೆಯಲ್ಲೊಂದು ಕಿಂಡಿ ಕೊರೆದು ಅದರೊಳಗಿಂದ ವಿಧಾನಸೌಧ ತೋರಿಸಿಬಿಟ್ಟೀತು. ಹೀಗೆ ಒಂದೊಂದಾಗಿ ಕಳೆಯುತ್ತ ಬಂದರೆ ಉಳಿಯುವುದು ಕೊರಳಿನ ಬುಡ ಮತ್ತು ಕಿವಿ. ಕಿವಿಯಲ್ಲೂ ಒಂದರೊಳಗೆ ಕಂಟ್ರೋಲ್ ರೂಮಿನ ಸೂಚನೆ ಕೇಳಿಸುವ ಇಯರ್‌ಪೀಸ್ ಕೂತಿರುತ್ತದೆ.

ತೊಡಕಿರುವುದು ಅರ್ಥದಲ್ಲಿ. ಗಾತ್ರದಿಂದ ಕಣ್ಸೆಳೆಯುವ ಒಡವೆಗೂ ಇಂಗ್ಲಿಷಿನಲ್ಲಿ ಅದೇ ಮಾತು, ತೊಟ್ಟವಳ ನಿಲುವನ್ನು ಸಾರುವ ಒಡವೆಗೂ ಅದೇ ಮಾತು. ಟೀವಿಯಲ್ಲಿ ಇವೆರಡೂ ಬೇರೆ ಬೇರೆ. 2013ರಲ್ಲಿ ನಾರ್ವೆಯ ಸಾರ್ವಜನಿಕ ವಾಹಿನಿ ಎನ್‌ಆರ್‌ಕೆಯ ವಾರ್ತಾವಾಚಕಿಯೊಬ್ಬರು ಪುಟ್ಟ ಶಿಲುಬೆಯ ಪದಕ ಹಾಕಿಕೊಂಡು ಸುದ್ದಿ ಓದಿದರು. ಅದು ಒಂದೂವರೆ ಸೆಂಟಿಮೀಟರಿನಷ್ಟೂ ಇರಲಿಲ್ಲ. ವೀಕ್ಷಕರು ದೂರಿದರು, ನಿಷ್ಪಕ್ಷಪಾತಕ್ಕೆ ಧಕ್ಕೆ ಎಂದು ವಾಹಿನಿ ಅದನ್ನು ಹಾಕಿಕೊಳ್ಳಬಾರದೆಂದಿತು. ಅದೇ ವರ್ಷ ಬ್ರಿಟನ್ನಿನ ಐಟಿವಿ ವಾಹಿನಿಯಲ್ಲಿ ಸುದ್ದಿ ಓದುತ್ತಿದ್ದ ಚಾರ್ಲೀನ್ ವೈಟ್ ಅವರದು ಇದಕ್ಕೆ ತಿರುವುಮುರುವು. ಯುದ್ಧದಲ್ಲಿ ಮಡಿದವರ ನೆನಪಿಗೆ ಅಲ್ಲಿಯವರು ನವೆಂಬರಿನಲ್ಲಿ ಎದೆಗೆ ಸಿಕ್ಕಿಸಿಕೊಳ್ಳುವ ಕೆಂಪು ಗಸಗಸೆ ಹೂವನ್ನು ಅವರು ತೆರೆಯ ಮೇಲೆ ಸಿಕ್ಕಿಸಿಕೊಳ್ಳಲಿಲ್ಲ. ಜನಾಂಗೀಯ ಬೈಗುಳಗಳು ಬಂದು ಬಿದ್ದವು. ಅಂಗೈಯಗಲದ ಪದಕ ಹಾಕಿಕೊಂಡು ಬಜೆಟ್ ವಿಶ್ಲೇಷಿಸುವವರಿಗೆ ಈ ಕಷ್ಟವಿಲ್ಲ. ನಮ್ಮ ದೂರದರ್ಶನದ ಸಲ್ಮಾ ಸುಲ್ತಾನ್ ಕಿವಿಯ ಬಳಿ ಮುಡಿಯುತ್ತಿದ್ದ ಗುಲಾಬಿ ಈ ಎರಡಕ್ಕೂ ಸೇರದು, ಅದು ಅವರ ಗುರುತು. ದಶಕಗಳಾದರೂ ಅವರ ಹೆಸರೆತ್ತಿದರೆ ಜನ ಗುಲಾಬಿಯನ್ನೇ ನೆನೆಯುತ್ತಾರೆ.

ಈವರೆಗೆ ತೂಗಿ ನೋಡಿದ ಪದಗಳು ಇವು. ‘ಎದ್ದು ಕಾಣುವ ಒಡವೆ’ ನಿರಪಾಯ, ಆದರೆ ತಲೆಬರಹಕ್ಕೆ ಒಗ್ಗುವುದಿಲ್ಲ. ‘ಢಾಳಾದ’, ‘ಡೌಲಿನ’ ಎಂದರೆ ಹೀಯಾಳಿಸಿದಂತೆ. ‘ಹೇರಿಕೊಂಡಿದ್ದಾಳೆ’ ಎಂಬ ಕ್ರಿಯಾಪದ ಬೆನ್ನಿಗೇ ಬಂದು ನಿಲ್ಲುತ್ತದೆ. ‘ಮೆರುಗೊಡವೆ’ ಕಿವಿಗೆ ಇಂಪು, ಆದರೆ ಕಪ್ಪಿಟ್ಟ ಲೋಹದಲ್ಲಿ ಮೆರುಗೆಲ್ಲಿ? ‘ಒಂಟಿ ಒಡವೆ’ ಎನ್ನೋಣವೆಂದರೆ ಗಂಡಸರ ಕಿವಿಯ ‘ಒಂಟಿ’ ಅಡ್ಡ ಬರುತ್ತದೆ. ಎರಡನೆಯ ಅರ್ಥಕ್ಕೆ, ಅಂದರೆ ನಿಲುವು ಸಾರುವ ಒಡವೆಗೆ ಮಾತ್ರ ‘ನುಡಿದೊಡವು’ ಹೊಂದುತ್ತದೆ ಎಂದು ನನ್ನ ಎಣಿಕೆ: ನುಡಿ, ತೊಡವು, ನಡುವೆ ಆದೇಶ ಸಂಧಿ. ಸಹೋದ್ಯೋಗಿಯೊಬ್ಬರು ಇದನ್ನು ಓದಿ, ನುಡಿಯ ಅಲಂಕಾರವೆಂದು ಅರ್ಥಮಾಡಿಕೊಂಡು ‘ಇದೇನು, ಉಪಮೆ, ರೂಪಕಗಳ ಲೇಖನವೇ?’ ಎಂದರು. ಅವರ ಮಾತನ್ನು ತಳ್ಳಿಹಾಕುವಂತಿಲ್ಲ.

ಅವರೇ ಇನ್ನೊಂದು ಮಾತು ಹೇಳಿದರು. ನಮ್ಮಲ್ಲಿ ಒಡವೆ ಎಂದರೆ ಜೊತೆ, ಓಲೆಗೆ ತಕ್ಕ ಸರ, ಸರಕ್ಕೆ ತಕ್ಕ ಬಳೆ. ಕೈ ಬೋಳು ಬಿಟ್ಟು ಒಂದನ್ನೇ ಮೆರೆಸುವುದು ನಮ್ಮದಲ್ಲ, ಅದಕ್ಕೇ ಪದವಿಲ್ಲ ಎಂದು. ಮೊದಲರ್ಧವನ್ನು ಒಪ್ಪುತ್ತೇನೆ. ಆದರೆ ಒಡವೆ ಏನನ್ನೋ ಸಾರುವುದು ನಮಗೆ ಹೊಸದೇ? ಕಾಸಿನ ಸರದಲ್ಲಿ ಕಾಸುಗಳನ್ನು ಎಲ್ಲರಿಗೂ ಕಾಣುವಂತೆ ಸಾಲಾಗಿ ಪೋಣಿಸಿದ್ದು ಮನೆಯ ಸ್ಥಿತಿಗತಿ ಕಾಣಲೆಂದೇ ಅಲ್ಲವೇ? ‘ಒಡವೆ’ ಎಂಬ ಪದಕ್ಕೇ ಹಳೆಯ ಕನ್ನಡದಲ್ಲಿ ಸೊತ್ತು, ಆಸ್ತಿ ಎಂಬ ಅರ್ಥವಿದೆ. ‘ಒಡವೆ ವಸ್ತು’ ಎಂದು ಜೋಡಿಸಿ ಹೇಳುವಾಗ ಅದು ಈಗಲೂ ಇಣುಕುತ್ತದೆ.

ಜೊತೆಗೆ ಇನ್ನೊಂದು ಸಣ್ಣ ಪ್ರಶ್ನೆ. ‘ಕಾಮೆಂಟೇಟರ್’ ಹೆಂಗಸಾದರೆ ಏನೆನ್ನಬೇಕು? ಕ್ರಿಕೆಟ್ಟಿಗೆ ‘ವೀಕ್ಷಕ ವಿವರಣೆಗಾರ್ತಿ’ ಸರಿ. ರಾಜಕೀಯಕ್ಕೆ ‘ವಿಶ್ಲೇಷಕಿ’ ಎಂದು ಬರೆದಿದ್ದೇನೆ. ‘ಟೀಕಾಕಾರ್ತಿ’ ಎಂದರೆ ಪತ್ರಿಕೆ ಓದುವವರಿಗೆ ತಪ್ಪು ಹುಡುಕುವವಳು ಎಂದೇ ಆಗುತ್ತದೆ. ಉತ್ತರ ಕರ್ನಾಟಕದವರಿಗಂತೂ ‘ಗುಂಡಿನ ಟೀಕಿ’ ಎಂಬ ಕೊರಳ ಒಡವೆ ನೆನಪಾಗಿ, ಕೊರಳಿನ ಟೀಕಿ ಯಾವುದು, ಬಾಯಿಯ ಟೀಕೆ ಯಾವುದು ಎಂಬ ಗೊಂದಲ ಬೇರೆ.

ಅಕ್ಕಸಾಲಿಗರ ಮನೆತನದವರು, ಒಡವೆ ಅಂಗಡಿಯಲ್ಲಿ ಕೂತು ಗೊತ್ತಿರುವವರು ಇಲ್ಲಿದ್ದರೆ ದಯವಿಟ್ಟು ಹೇಳಿ: ‘ಇದೊಂದು ಹಾಕಿಕೊಂಡರೆ ಸಾಕು, ಬೇರೆ ಏನೂ ಬೇಡ’ ಎಂದು ಗಿರಾಕಿ ಮಾಡಿಸುವ ದೊಡ್ಡ ಸರಕ್ಕೋ ಓಲೆಗೋ ನಿಮ್ಮ ಕಡೆ ಏನೆನ್ನುತ್ತಾರೆ? ಧಾರವಾಡ, ಕಲಬುರಗಿ, ಕರಾವಳಿ, ಕೊಡಗು, ಎಲ್ಲಿಯದಾದರೂ ಸರಿ. ನಿಘಂಟಿನ ಪುಟದ ಚಿತ್ರ ತೆಗೆದು ಕಳುಹಿಸಬೇಡಿ, ಅವು ನನ್ನ ಮೇಜಿನ ಮೇಲೂ ಇವೆ. ಜನರ ಬಾಯಲ್ಲಿರುವ ಮಾತು ಬೇಕು.