ನಾಲ್ಕು, ಐದನೇ ತರಗತಿಗೆ ದೇಹ, ಸುರಕ್ಷತೆ, ಆರೋಗ್ಯದ ಪಾಠ: ಮಾಡಿ ನೋಡಿದವರು ಹೇಳಿ

ಪ್ರಶ್ನೆ:
ಹೊಸದಾಗಿ ಕೆಲಸಕ್ಕೆ ಸೇರಿದ ಟೀಚರ್ ನಾನು. ಹಾವೇರಿ ಕಡೆ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ವಾರಕ್ಕೊಂದು ಪಿರಿಯಡ್ ನಾಲ್ಕು, ಐದನೇ ಕ್ಲಾಸಿಗೆ ಆರೋಗ್ಯ ಮತ್ತು ಜೀವನ ಕೌಶಲದ ಪಾಠ ಮಾಡಿ ಅಂತ ಹೆಡ್ ಮಾಸ್ಟರ್ ಹೇಳಿದ್ದಾರೆ. ಕೈ ತೊಳೆಯುವುದು, ಹಲ್ಲುಜ್ಜುವುದು ಸುಲಭ. ಗುಡ್ ಟಚ್ ಬ್ಯಾಡ್ ಟಚ್, ಮುಟ್ಟು ಇವನ್ನೆಲ್ಲ ಹೇಗೆ ಶುರು ಮಾಡಲಿ? ಮನೆಯವರು ಗಲಾಟೆ ಮಾಡಿದರೆ?

ಶಿವಮೊಗ್ಗ ಕಡೆಯ ಟೀಚರ್:
ಮೇಡಂ, ಮೊದಲ ಪಾಠ ಮಕ್ಕಳಿಗೆ ಬೇಡ, ತಾಯಂದಿರಿಗೆ ಮಾಡಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಗೆ ಕಾಯಬೇಡಿ, ಅಲ್ಲಿಗೆ ಬರುವವರು ಜಾಸ್ತಿ ಅಪ್ಪಂದಿರೇ. ಸಂಜೆ ಮಕ್ಕಳನ್ನು ಕರೆದುಕೊಂಡು ಹೋಗಲು ಬಂದ ಅಮ್ಮಂದಿರನ್ನು, ಅಜ್ಜಿಯರನ್ನು ಕೂರಿಸಿಕೊಂಡು ನೀವು ಏನು ಹೇಳಿಕೊಡುತ್ತೀರೋ ಅದನ್ನು ಹಾಗೇ ಮಾಡಿ ತೋರಿಸಿ. ಅದೇ ಚಿತ್ರ, ಅದೇ ಮಾತು. ಏನೋ ಕೆಟ್ಟದ್ದು ಹೇಳಿಕೊಡ್ತಾರಂತೆ ಅನ್ನುವ ಗಾಳಿಸುದ್ದಿಗೆ ಆಮೇಲೆ ಜಾಗವೇ ಇರುವುದಿಲ್ಲ. ನಮ್ಮಲ್ಲಿ ತಾಯಂದಿರೇ ಇದನ್ನು ಮೂರನೇ ಕ್ಲಾಸಿಂದಲೇ ಶುರು ಮಾಡಿ ಮೇಡಂ ಅಂದರು.

ಇನ್ನು ಪಾಠ. ಗುಡ್ ಟಚ್, ಬ್ಯಾಡ್ ಟಚ್ ಅಂತ ಎರಡೇ ಖಾನೆ ಮಾಡಬೇಡಿ. ಮಗುವಿಗೆ ಅದು ಸಾಲುವುದಿಲ್ಲ. ಇಂಜೆಕ್ಷನ್ ನೋಯುತ್ತದೆ, ಆದರೆ ಅದು ತಪ್ಪಲ್ಲ. ಚಾಕೊಲೇಟ್ ಕೊಟ್ಟು ಕಚಗುಳಿ ಇಡುವವನು ಮಗುವಿಗೆ ಇಷ್ಟವೇ ಆಗಬಹುದು. ಹಾಗಾಗಿ ನಾನು ನಿಯಮ ಹೇಳಿಕೊಡುತ್ತೇನೆ. ಚಡ್ಡಿ, ಬನಿಯನ್ ಮುಚ್ಚುವ ಜಾಗ ನಿನ್ನದು, ಯಾರೂ ಮುಟ್ಟುವಂತಿಲ್ಲ, ನೋಡುವಂತಿಲ್ಲ, ಫೋಟೊ ತೆಗೆಯುವಂತಿಲ್ಲ, ಅವರದ್ದನ್ನು ಮುಟ್ಟು ಅಂತ ನಿನಗೆ ಹೇಳುವಂತಿಲ್ಲ. ಡಾಕ್ಟರ್ ನೋಡಬೇಕಾದರೆ ಅಮ್ಮನೋ ಅಪ್ಪನೋ ಪಕ್ಕದಲ್ಲಿ ಇರಬೇಕು. ಇದರ ಜೊತೆಗೆ ಇನ್ನೊಂದು, ನನ್ನ ಪ್ರಕಾರ ಅತಿ ಮುಖ್ಯವಾದದ್ದು: ‘ಯಾರಿಗೂ ಹೇಳಬೇಡ’ ಅಂತ ದೊಡ್ಡವರು ಏನಾದರೂ ಹೇಳಿದರೆ ಅದನ್ನೇ ಮೊದಲು ಬಂದು ಹೇಳು. ಅಕ್ಕನ ಬರ್ತ್‌ಡೇ ಕೇಕ್ ವಿಷಯ ಬೇರೆ, ಅದು ಸಂಜೆ ಎಲ್ಲರಿಗೂ ಗೊತ್ತಾಗುತ್ತದೆ. ಯಾವತ್ತೂ ಹೇಳಲೇಬಾರದು ಅನ್ನುವ ಗುಟ್ಟನ್ನು ಮಕ್ಕಳು ಹೊತ್ತುಕೊಂಡು ಓಡಾಡಬಾರದು.

ಅಪರಿಚಿತರ ಹತ್ತಿರ ಹೋಗಬೇಡ ಅಂದರೆ ಮುಗಿಯಿತು ಅಂದುಕೊಳ್ಳಬೇಡಿ. ಬಹುತೇಕ ಪ್ರಕರಣಗಳಲ್ಲಿ ತಪ್ಪು ಮಾಡಿದವರು ಮಗುವಿಗೆ ಚೆನ್ನಾಗಿ ಗೊತ್ತಿರುವವರೇ. ನೆಂಟರು, ಪಕ್ಕದ ಮನೆಯವರು, ಟ್ಯೂಷನ್ನಿನವರು. ಇದನ್ನು ಮಕ್ಕಳಿಗೆ ಹೆದರಿಸಿ ಹೇಳಬೇಕಿಲ್ಲ. ‘ಮಾವ ಆಗಲಿ, ಮೇಷ್ಟ್ರಾಗಲಿ, ನಿಯಮ ಎಲ್ಲರಿಗೂ ಒಂದೇ’ ಅಂದರೆ ಸಾಕು. ಮೇಷ್ಟ್ರು ಅನ್ನುವ ಮಾತು ಬಿಡಬೇಡಿ.

ಆಮೇಲೆ ಕೈ ಇಟ್ಟು ಗೆರೆ ಎಳೆಸಿ, ಒಂದೊಂದು ಬೆರಳಿಗೆ ಒಬ್ಬೊಬ್ಬರ ಹೆಸರು ಬರೆಸಿ. ಏನೇ ಆದರೂ ನಾನು ಹೋಗಿ ಹೇಳಬಹುದಾದವರು ಅಂತ. ಒಬ್ಬರು ಕೇಳದಿದ್ದರೆ ಎರಡನೆಯವರು, ಅವರೂ ಬೈದರೆ ಮೂರನೆಯವರು. ಹೆಸರೇ ಬರೆಯದೆ ಸುಮ್ನೆ ಕೂತ ಮಗುವಿನ ಪಕ್ಕ ನೀವು ಹೋಗಿ ಕೂರಬೇಕು, ಆ ದಿನವೇ ಏನೂ ಕೇಳಬೇಡಿ, ಮುಂದಿನ ವಾರವೂ ಅದರ ಮೇಲೆ ಕಣ್ಣಿರಲಿ. ಸಲಹಾ ಪೆಟ್ಟಿಗೆ ಬಹಳ ಶಾಲೆಗಳಲ್ಲಿ ಗೋಡೆಗೆ ಹೊಡೆದು ಇಟ್ಟಿರುತ್ತಾರೆ, ಒಳಗೆ ಬರೀ ಧೂಳು. ಎಲ್ಲರ ಎದುರು ಹೋಗಿ ಚೀಟಿ ಹಾಕುವ ಧೈರ್ಯ ಯಾವ ಮಗುವಿಗೆ ಇರುತ್ತದೆ ಹೇಳಿ? ನಾವು ಶನಿವಾರ ಎಲ್ಲರ ಕೈಗೂ ಒಂದೊಂದು ಚೀಟಿ ಕೊಡುತ್ತೇವೆ. ಬರೆಯಲಿ, ಹೂವಿನ ಚಿತ್ರ ಹಾಕಲಿ, ಖಾಲಿ ಬಿಡಲಿ, ಆದರೆ ಎಲ್ಲರೂ ಹಾಕಲೇಬೇಕು. ಆಗ ಯಾರು ಏನು ಬರೆದರು ಅಂತ ಪಕ್ಕದವನಿಗೂ ಗೊತ್ತಾಗುವುದಿಲ್ಲ.

ಈ ಪಾಠ ಚೆನ್ನಾಗಿ ಆಯಿತು ಅಂದರೆ ಯಾವುದೋ ಒಂದು ಮಗು ಬಂದು ಹೇಳುತ್ತದೆ. ಅದಕ್ಕೆ ನೀವು ಮೊದಲೇ ತಯಾರಿರಬೇಕು, ಹೆಡ್ ಮಾಸ್ಟರೂ ತಯಾರಿರಬೇಕು. ಪೂರ್ತಿ ಕೇಳಿ. ನಿನ್ನ ತಪ್ಪಿಲ್ಲ ಅನ್ನಿ. ಯಾರಿಗೂ ಹೇಳಲ್ಲ ಅಂತ ಮಾತು ಕೊಡಬೇಡಿ, ಅದನ್ನು ಉಳಿಸಿಕೊಳ್ಳಲು ಆಗುವುದಿಲ್ಲ. ಮತ್ತೆ ಮತ್ತೆ ಕೆದಕಬೇಡಿ, ಮಗು ಹೇಳಿದ್ದನ್ನು ಅದರ ಮಾತಿನಲ್ಲೇ ಬರೆದಿಡಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೋ ಕಾಯ್ದೆಯ 19ನೇ ಕಲಂ ಪ್ರಕಾರ ವಿಷಯ ಗೊತ್ತಾದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಶಿಕ್ಷೆ ಇದೆ. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಕೇಸ್ ಹಾಕುವಂತಿಲ್ಲ, ಇದನ್ನು ಹೆದರುವ ಸಹೋದ್ಯೋಗಿಗಳಿಗೆ ಹೇಳಿ. ಶಾಲೆಯ ಮರ್ಯಾದೆ ಹೋಗುತ್ತೆ, ಊರಲ್ಲೇ ಮಾತಾಡಿ ಮುಗಿಸೋಣ ಅನ್ನುವವರು ಬಂದೇ ಬರುತ್ತಾರೆ. ಬಗ್ಗಬೇಡಿ. ಮಗುವಿನ ಹೇಳಿಕೆಯನ್ನು ಪೊಲೀಸರು ಮನೆಯಲ್ಲೋ ಅದಕ್ಕೆ ಬೇಕಾದ ಕಡೆಯೋ, ಸಮವಸ್ತ್ರ ಇಲ್ಲದೆ ಬಂದು ಪಡೆಯಬೇಕು ಅಂತ ಕಾನೂನೇ ಹೇಳುತ್ತದೆ. ಯಾರಿಗೆ ಹೇಳುವುದು ಅಂತ ಗೊತ್ತಾಗದಿದ್ದರೆ ಮಕ್ಕಳ ಸಹಾಯವಾಣಿ 1098, ದುಡ್ಡಿಲ್ಲ, ರಾತ್ರಿಯೂ ಇರುತ್ತದೆ. ಈ ನಂಬರನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿ.

ಮುಟ್ಟಿನ ವಿಷಯ ಐದನೇ ಕ್ಲಾಸಿನಲ್ಲೇ ಹೇಳಿಬಿಡಿ. ಹತ್ತು, ಹನ್ನೊಂದು ವರ್ಷಕ್ಕೆ ಮೈ ನೆರೆಯುವ ಹುಡುಗಿಯರಿದ್ದಾರೆ. ಮೊದಲ ಸಲ ರಕ್ತ ನೋಡಿ ನನಗೇನೋ ಕಾಯಿಲೆ ಬಂತು ಅಂತ ಅವಳು ಹೆದರಬಾರದು ಅಲ್ವಾ. ‘ಕಾಗೆ ಮುಟ್ಟಿತು’, ‘ಹೊರಗಾದಳು’ ಅಂತೆಲ್ಲ ಸುತ್ತಿಬಳಸುವುದು ಬೇಡ. ಮುಟ್ಟು ಅಂತಲೇ ಹೇಳಿ, ಪ್ಯಾಡ್ ಬಿಚ್ಚಿ ಒಳಉಡುಪಿಗೆ ಅಂಟಿಸಿ ತೋರಿಸಿ. ಆದರೆ ಅದಕ್ಕೂ ಮೊದಲು ಶಾಲೆಯ ಶೌಚಾಲಯಕ್ಕೆ ಹೋಗಿ ನೋಡಿ ಬನ್ನಿ. ಚಿಲಕ ಇದೆಯಾ? ನೀರು ಬರುತ್ತಾ? ಇಲ್ಲದಿದ್ದರೆ ಮಕ್ಕಳ ಗ್ರಾಮ ಸಭೆಯಲ್ಲಿ ಹುಡುಗಿಯರಿಂದಲೇ ಕೇಳಿಸಿ. ಪಂಚಾಯಿತಿಯವರ ಎದುರು ನಿಂತು ‘ನಮಗೆ ಚಿಲಕ ಬೇಕು’ ಅಂತ ಕೇಳುವುದೂ ಜೀವನ ಕೌಶಲವೇ.

ರಾಯಚೂರು ಕಡೆಯ ಮೇಷ್ಟ್ರು:
ಮೇಡಂ ಹೇಳಿದ್ದೆಲ್ಲ ಸರಿ. ಒಂದು ಸೇರಿಸ್ತೀನಿ. ಹುಡುಗರನ್ನು ಆಟಕ್ಕೆ ಬಿಟ್ಟು ಹುಡುಗಿಯರಿಗೆ ಮಾತ್ರ ಈ ಪಾಠ ಮಾಡುವುದನ್ನು ಬಹಳ ಕಡೆ ನೋಡಿದ್ದೇನೆ. ಪ್ಯಾಡ್ ಹಾಕುವುದನ್ನು ಬೇಕಾದರೆ ಬೇರೆ ತೋರಿಸಿ. ಸುರಕ್ಷತೆಯ ಪಾಠಕ್ಕೆ ಹುಡುಗರು ಇರಲೇಬೇಕು. ಪೋಕ್ಸೋ ಹುಡುಗರಿಗೂ ಅನ್ವಯಿಸುತ್ತದೆ, ಅವರ ಮೇಲೂ ದೌರ್ಜನ್ಯ ಆಗುತ್ತದೆ, ಅವರು ಇನ್ನೂ ಕಡಿಮೆ ಹೇಳಿಕೊಳ್ಳುತ್ತಾರೆ. ಗಂಡಸಾಗಿ ಅಳ್ತೀಯಾ ಅಂತ ಮನೆಯಲ್ಲಿ ಕೇಳಿ ಕೇಳಿ ಬಾಯಿ ಕಟ್ಟಿಹೋಗಿರುತ್ತದೆ. ನಾನು ಅವರ ಜೊತೆ ಸಿಟ್ಟಿನಿಂದ ಶುರು ಮಾಡುತ್ತೇನೆ. ಸಿಟ್ಟು ಬಂದಾಗ ಮೈಯಲ್ಲಿ ಎಲ್ಲಿ ಗೊತ್ತಾಗುತ್ತದೆ ಅಂತ. ಮುಷ್ಟಿ, ಕಿವಿ, ಹೊಟ್ಟೆ ಅಂತ ಹೇಳುತ್ತಾರೆ. ಅಲ್ಲಿಂದ ಅಳು, ಹೆದರಿಕೆ ಎಲ್ಲ ಹೊರಗೆ ಬರುತ್ತದೆ.

ಗುಟ್ಕಾ ವಿಷಯಕ್ಕೆ ಕ್ಯಾನ್ಸರ್ ಫೋಟೊ ತೋರಿಸಿದರೆ ಒಂದು ದಿನ ಹೆದರುತ್ತಾರೆ, ಅಷ್ಟೇ. ಶಾಲೆಯಿಂದ 100 ಗಜದ ಒಳಗೆ ತಂಬಾಕು ಮಾರಬಾರದು ಅಂತ 2003ರ ಕಾನೂನಿದೆ. 100 ಗಜ ಅಂದರೆ ಸುಮಾರು 91 ಮೀಟರ್. ಟೇಪ್ ಹಿಡಿದು ಮಕ್ಕಳಿಂದಲೇ ಕಾಂಪೌಂಡಿನಿಂದ ಅಳತೆ ಮಾಡಿಸಿ. ಗಣಿತವೂ ಆಯಿತು, ಯಾವ ಅಂಗಡಿ ಒಳಗೆ ಬರುತ್ತದೆ ಅಂತಲೂ ಗೊತ್ತಾಯಿತು. ಅಂಗಡಿಯವರ ಹತ್ತಿರ ಮಾತಾಡಲು ಮಾತ್ರ ದೊಡ್ಡವರೇ ಹೋಗಿ, ಮಕ್ಕಳನ್ನು ಮುಂದೆ ಬಿಡಬೇಡಿ.

ಆಶಾ ಕಾರ್ಯಕರ್ತೆ, ತುಮಕೂರು ಕಡೆ:
ಟೀಚರ್, ಮಾತ್ರೆ ವಿಷಯ ಬಿಡಬೇಡಿ. ವಾರಕ್ಕೊಂದು ಐರನ್ ಮಾತ್ರೆ ಕೊಡ್ತೀವಲ್ಲ, ಐದನೇ ಕ್ಲಾಸಿನ ತನಕ ಗುಲಾಬಿ ಬಣ್ಣದ್ದು, ಆರರಿಂದ ನೀಲಿ. ಖಾಲಿ ಹೊಟ್ಟೆಯಲ್ಲಿ ಬೇಡ, ಬಿಸಿಯೂಟ ಆದ ಮೇಲೆ ಕೊಡಿ. ಮಾರನೇ ದಿನ ಕಕ್ಕ ಕಪ್ಪಗೆ ಬರುತ್ತದೆ, ಅದಕ್ಕೆ ಹೆದರಬಾರದು ಅಂತ ಮೊದಲೇ ಹೇಳಿ. ಹೇಳದಿದ್ದರೆ ಮಕ್ಕಳು ಮಾತ್ರೆಯನ್ನು ಕಿಟಕಿ ಆಚೆ ಎಸೆಯುತ್ತಾರೆ. ಫೆಬ್ರವರಿ 10, ಆಗಸ್ಟ್ 10ರ ಸುಮಾರಿಗೆ ಕೊಡುವ ಜಂತುಹುಳುವಿನ ಮಾತ್ರೆಯನ್ನು ನುಂಗಿಸಬೇಡಿ, ನಿಮ್ಮ ಕಣ್ಣೆದುರೇ ಚೀಪಿ ಅಗಿದು ತಿನ್ನಲಿ. ಜ್ವರ ಇರುವ ಮಗುವಿಗೆ ಆ ದಿನ ಬೇಡ. ಹೊಟ್ಟೆಯಲ್ಲಿ ಹುಳ ಜಾಸ್ತಿ ಇದ್ದವರಿಗೆ ಸ್ವಲ್ಪ ವಾಂತಿ, ಹೊಟ್ಟೆನೋವು ಬರಬಹುದು, ನೆರಳಲ್ಲಿ ಮಲಗಿಸಿ ನೀರು ಕೊಡಿ, ಕಡಿಮೆ ಆಗದಿದ್ದರೆ ನಮಗೆ ಫೋನ್ ಮಾಡಿ. ಮತ್ತೆ ಮುಟ್ಟಿನ ಪಾಠದ ದಿನ ನಮ್ಮನ್ನೂ ಕರೆಯಿರಿ, ಮನೆ ಮನೆಗೆ ಹೋಗುವವರು ನಾವು, ತಾಯಂದಿರ ಹತ್ತಿರ ಉಳಿದ ಮಾತು ನಾವು ಆಡುತ್ತೇವೆ.