ಹಿಮ ಸುರಿಯುವಾಗ ಫೀಡರ್ ಹಕ್ಕಿಗಳ ಫೋಟೊ: ಗೊತ್ತಿದ್ದವರು ತಿಳಿಸಿ

ಪ್ರಶ್ನೆ (ಮಿನಿಯಾಪೊಲಿಸ್, ಅಮೆರಿಕ): ಹಿತ್ತಲಿನಲ್ಲಿ ಹಕ್ಕಿಗೆ ಕಾಳಿಡುವ ಫೀಡರ್‌ಗೆ ಕಾರ್ಡಿನಲ್, ಚಿಕಡೀ, ಜುಂಕೊ ಬರುತ್ತವೆ. ಕಿಟಕಿಯಿಂದ 100-400 ಎಂಎಂ ಜೂಮ್ ಲೆನ್ಸಿನಲ್ಲಿ ತೆಗೆದರೆ ಹಿಮ ಬೂದು, ಹಕ್ಕಿ ಮಬ್ಬು. ಏನು ಮಾಡಬೇಕು?

ಉತ್ತರ 1: ಬೂದು ಬಣ್ಣ ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರಿನ ಕೆಲಸ. ಎದುರಿಗೆ ಏನಿದ್ದರೂ ನಡುಬೂದು ಅಂತಲೇ ಲೆಕ್ಕ ಹಾಕಿ, ಬಿಳಿ ಹಿಮ ಕಂಡರೆ ಬೆಳಕು ಇಳಿಸಿಬಿಡುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಮೀಟರಿನ ಲೆಕ್ಕಕ್ಕಿಂತ ಬೆಳಕು ಏರಿಸುವ, ಇಳಿಸುವ ಸೆಟ್ಟಿಂಗ್) +1ರಿಂದ, ಅಂದರೆ ಒಂದು ಸ್ಟಾಪ್, ಎರಡರಷ್ಟು ಬೆಳಕಿನಿಂದ ಶುರು ಮಾಡಿ. ಫ್ರೇಮ್ ತುಂಬ ಹಿಮವಿದ್ದರೆ +1.7ರವರೆಗೂ ಹೋಗಬಹುದು. ಕಡುಗೆಂಪು ಬಣ್ಣದ ಗಂಡು ಕಾರ್ಡಿನಲ್ ಬಂದಾಗ ಮಾತ್ರ ಹುಷಾರು. ಹಿಸ್ಟೋಗ್ರಾಂ (ಫೋಟೊದ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಒಟ್ಟಾರೆ ಸರಿಯಿದ್ದರೂ ಕೆಂಪು ಚಾನೆಲ್ ಒಂದೇ ಬಲತುದಿಗೆ ಬಡಿದು ಗರಿಗಳ ಎಳೆ ಅಳಿಸಿಹೋಗುತ್ತದೆ. ಆರ್‌ಜಿಬಿ ಹಿಸ್ಟೋಗ್ರಾಂ (ಕೆಂಪು, ಹಸಿರು, ನೀಲಿ ಬೇರೆಬೇರೆ ತೋರಿಸುವುದು) ನೋಡಿಕೊಂಡು ಮೂರನೇ ಒಂದು ಸ್ಟಾಪ್ ಇಳಿಸಿ. ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದ ಮೂಲ ಕಡತ) ಆದರೆ ಇನ್ನೂ ವಾಸಿ.

ಉತ್ತರ 2: ಕಿಟಕಿ ತೆರೆದು ತೆಗೆಯುತ್ತಿದ್ದರೆ ಮಬ್ಬಿಗೆ ಅದೇ ಕಾರಣ ಇರಬಹುದು. ಒಳಗಿನ ಬಿಸಿಗಾಳಿ ಹೊರಗಿನ ಚಳಿಗೆ ಬೆರೆಯುವಲ್ಲಿ ಗಾಳಿ ಅಲೆಯಾಡುತ್ತದೆ, ಎಂಥ ಲೆನ್ಸಾದರೂ ಚೂಪು ಬರುವುದಿಲ್ಲ. ಮುಚ್ಚಿದ ಗಾಜೇ ಮೇಲು: ಎರಡೂ ಬದಿ ಒರೆಸಿ, ಕೋಣೆ ದೀಪ ಆರಿಸಿ, ಲೆನ್ಸಿನ ತುದಿಯ ಹುಡ್ ಗಾಜಿಗೆ ತಾಗಿಸಿ ನೇರ ಹಿಡಿಯಿರಿ. ಓರೆಯಾದರೆ ಜೋಡಿ ಗಾಜಿನಲ್ಲಿ ಅಂಚುಗಳು ಎರಡೆರಡಾಗಿ ಕಾಣುತ್ತವೆ.

ಫೀಡರ್ ಎಷ್ಟು ದೂರ ಅನ್ನುವುದು ತಲೆನೋವಿನ ವಿಷಯ. ಹಕ್ಕಿ ಗಾಜಿಗೆ ಡಿಕ್ಕಿ ಹೊಡೆದು ಸಾಯಬಾರದೆಂದರೆ 1 ಮೀಟರ್ ಒಳಗೆ ಅಥವಾ 9 ಮೀಟರ್ ಆಚೆ ಇಡಿ ಅನ್ನುತ್ತಾರೆ; ಫೋಟೊಗೆ ಹಿತವಾದ ದೂರ 4 ಮೀಟರ್. ಅಲ್ಲೇ ಇಡುವುದಾದರೆ ಗಾಜಿನ ಹೊರಮೈಗೆ 5 ಸೆಂಟಿಮೀಟರ್ ಅಂತರದಲ್ಲಿ ಚುಕ್ಕಿ ಸ್ಟಿಕ್ಕರ್ ಅಂಟಿಸಿ. ಲೆನ್ಸಿಗೆ ಅಷ್ಟು ಹತ್ತಿರದ ಚುಕ್ಕಿ ಫೋಟೊದಲ್ಲಿ ಕಾಣಿಸುವುದಿಲ್ಲ.

ಉತ್ತರ 3: ಚಿಕಡೀ ಫೀಡರ್ ಮೇಲೆ ಕೂತು ತಿನ್ನುವ ಜಾತಿಯಲ್ಲ, ಒಂದು ಕಾಳು ಕಚ್ಚಿ ಹಾರಿಬಿಡುತ್ತದೆ. ಒಂದೆರಡು ಅಡಿ ಪಕ್ಕಕ್ಕೆ ಒಣಕೊಂಬೆ ಕಟ್ಟಿ, ಅದಕ್ಕೆ ಫೋಕಸ್ ಇಟ್ಟು ಕಾಯಿರಿ. ಹಿನ್ನೆಲೆ ಮಸುಕಾಗಲು ಕೊಂಬೆಯ ಹಿಂದೆ 5 ಮೀಟರಾದರೂ ಬಯಲಿರಲಿ. ಚಿಕಡೀ, ಕಾರ್ಡಿನಲ್ ಎರಡಕ್ಕೂ ಕಪ್ಪು ಸೂರ್ಯಕಾಂತಿ ಬೀಜ ಸಾಕು. ಜುಂಕೊ ನೆಲದಲ್ಲಿ ಮೇಯುತ್ತದೆ, ಹಿಮ ತುಳಿದು ಗಟ್ಟಿ ಮಾಡಿ ಬಿಳಿ ಬರಗು ಚೆಲ್ಲಿ.

ಬೀಳುವ ಹಿಮ ಚುಕ್ಕಿಯಾಗಿ ನಿಲ್ಲಬೇಕಾದರೆ ಶಟರ್ ವೇಗ 1/1000 ಸೆಕೆಂಡ್, ಗೆರೆಯಾಗಿ ಬೇಕಾದರೆ 1/125. ದೊಡ್ಡ ಪಕಳೆಗಳು ಬೀಳುವಾಗ ಆಟೊಫೋಕಸ್ ಅವನ್ನೇ ಹಿಡಿಯುತ್ತದೆ. ಒಂದೇ ಫೋಕಸ್ ಪಾಯಿಂಟ್ ಆಯ್ದು, ಫೋಕಸ್ ಬೇರೆಡೆಗೆ ಜಿಗಿಯದಂತೆ ಟ್ರ್ಯಾಕಿಂಗ್ ಸಂವೇದನೆ ತಗ್ಗಿಸಿ. ಕಾರ್ಡಿನಲ್ ಹೆಚ್ಚಾಗಿ ಬೆಳಗಿನ, ಸಂಜೆಯ ಮಂದ ಬೆಳಕಿಗೇ ಬರುವುದರಿಂದ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 3200 ಅಂದರೆ ಹೆದರಬೇಡಿ.

ಉತ್ತರ 4: ಹೊರಗೆ ನಿಂತು ತೆಗೆಯುವವರು ಹೆಚ್ಚುವರಿ ಬ್ಯಾಟರಿಯನ್ನು ಒಳಜೇಬಿನಲ್ಲಿಡಿ, ಚಳಿಗೆ ಬೇಗ ಇಳಿಯುತ್ತದೆ. ಒಳಬರುವ ಮೊದಲೇ ಮೆಮೊರಿ ಕಾರ್ಡ್ ತೆಗೆದುಕೊಂಡು, ಕ್ಯಾಮೆರಾವನ್ನು ಜಿಪ್ ಚೀಲದಲ್ಲಿ ಮುಚ್ಚಿ. ಕೋಣೆಯ ಬಿಸಿಗೆ ಬರುವವರೆಗೆ ಬಿಚ್ಚಬೇಡಿ, ಇಲ್ಲದಿದ್ದರೆ ಲೆನ್ಸಿನ ಮೇಲೆಲ್ಲ ನೀರು ಕೂರುತ್ತದೆ.