ಮೊಕದ್ದಮೆ ಸೋತ ಕರ್ಟ್ ಫ್ಲಡ್ ಅವರಿಗೆ ಇಷ್ಟೊಂದು ಹೆಸರೇಕೆ?

ಪ್ರಶ್ನೆ — ಬಯಲಾಟ:
ಅಮೆರಿಕದ ಬೇಸ್‌ಬಾಲ್ ಆಟಗಾರರಿಗೆ ತಂಡವನ್ನು ತಾವೇ ಆರಿಸಿಕೊಳ್ಳುವ ಹಕ್ಕು ಬಂದದ್ದು ಕರ್ಟ್ ಫ್ಲಡ್ ಅವರಿಂದ ಎಂದು ಹಲವರು ಬರೆಯುತ್ತಾರೆ. ಆದರೆ 1972ರಲ್ಲಿ ಸುಪ್ರೀಂ ಕೋರ್ಟ್ 5–3ರ ಬಹುಮತದಿಂದ ಅವರ ವಿರುದ್ಧವೇ ತೀರ್ಪು ಕೊಟ್ಟಿತಲ್ಲವೇ? ಹಾಗಿದ್ದರೆ ಈ ಕೀರ್ತಿ ಅವರಿಗೆ ಸಲ್ಲುವುದು ಹೇಗೆ? ಆಟಗಾರರಾಗಿ ಅವರ ಯೋಗ್ಯತೆ ಎಷ್ಟಿತ್ತು?

ಉತ್ತರ — ಹಳೇ ಕಡತ:
ತೀರ್ಪಿನ ಮಟ್ಟಿಗೆ ನಿಮ್ಮ ಮಾತು ಸರಿ. ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಪರವಾಗಿ ಹನ್ನೆರಡು ಋತು ಆಡಿದ್ದ ಫ್ಲಡ್ ಅವರನ್ನು 1969ರ ಅಕ್ಟೋಬರ್‌ನಲ್ಲಿ ಆಡಳಿತವು ಒಂದು ಮಾತೂ ಕೇಳದೆ ಫಿಲಡೆಲ್ಫಿಯಾ ತಂಡಕ್ಕೆ ಬಿಟ್ಟುಕೊಟ್ಟಿತು. ಆಗಿನ ಒಪ್ಪಂದಗಳಲ್ಲಿ 'ರಿಸರ್ವ್ ಕ್ಲಾಸ್' ಎಂಬ ಷರತ್ತಿತ್ತು. ಅವಧಿ ಮುಗಿದ ಒಪ್ಪಂದವನ್ನು ಮಾಲೀಕರು ಇನ್ನೊಂದು ವರ್ಷಕ್ಕೆ ತಾವಾಗಿಯೇ ಮುಂದುವರಿಸಬಹುದಿತ್ತು. ಮುಂದುವರಿದ ಒಪ್ಪಂದದಲ್ಲೂ ಅದೇ ಷರತ್ತು ಇರುತ್ತದೆಂದು ಅವರು ವಾದಿಸುತ್ತಿದ್ದುದರಿಂದ, ಆಟಗಾರನು ನಿವೃತ್ತನಾಗುವ ತನಕ ಬಿಡುಗಡೆಯೆಂಬುದೇ ಇರಲಿಲ್ಲ. ತನ್ನ ಇಚ್ಛೆಯನ್ನು ಲೆಕ್ಕಿಸದೆ ಕೊಂಡು ಮಾರಲು ತಾನೊಂದು ಸ್ವತ್ತಲ್ಲ ಎಂದು ಫ್ಲಡ್ ಡಿಸೆಂಬರ್ 24ರಂದು ಲೀಗಿನ ಮುಖ್ಯಸ್ಥರಾದ ಕಮಿಷನರ್ ಬೌವಿ ಕ್ಯೂನ್ ಅವರಿಗೆ ಪತ್ರ ಬರೆದರು. ಕ್ಯೂನ್ ಒಪ್ಪದಿದ್ದಾಗ ದಾವೆ ಹೂಡಿದರು. ಗೆಲ್ಲುವುದು ಕಷ್ಟವೆಂದು ಆಟಗಾರರ ಸಂಘದ ಮಾರ್ವಿನ್ ಮಿಲ್ಲರ್ ಮೊದಲೇ ಎಚ್ಚರಿಸಿದ್ದರು. ಹಣಕ್ಕಾಗಿ ಹೂಡಿದ ದಾವೆ ಎನ್ನುವವರು, ಫಿಲಡೆಲ್ಫಿಯಾ ಕೊಡಲು ಸಿದ್ಧವಿದ್ದ ಸುಮಾರು 1,00,000 ಡಾಲರ್ ಸಂಬಳವನ್ನು ಅವರು ಬಿಟ್ಟರೆಂಬುದನ್ನು ಮರೆಯುತ್ತಾರೆ.

ಉತ್ತರ — ಎಡಗೈ ಬೌಲರ್:
ಆಟದ ಬಗ್ಗೆಯೂ ಕೇಳಿದ್ದೀರಿ. ಸೆಂಟರ್ ಫೀಲ್ಡ್‌ನಲ್ಲಿ ಅವರಿಗೆ 1963ರಿಂದ ಸತತ ಏಳು ವರ್ಷ, ಶ್ರೇಷ್ಠ ಕ್ಷೇತ್ರರಕ್ಷಕರಿಗೆ ಕೊಡುವ ಗೋಲ್ಡ್ ಗ್ಲವ್ ಪ್ರಶಸ್ತಿ ಬಂತು. 1966ರ ಇಡೀ ಋತುವಿನಲ್ಲಿ ಕ್ಷೇತ್ರರಕ್ಷಣೆಯಲ್ಲಿ ಒಂದೂ ತಪ್ಪು ಅವರ ಲೆಕ್ಕಕ್ಕೆ ಬೀಳಲಿಲ್ಲ. 1964 ಮತ್ತು 1967ರಲ್ಲಿ ಋತುವಿನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದ ತಂಡದಲ್ಲಿ ಅವರಿದ್ದರು. ವಿಚಿತ್ರವೆಂದರೆ ಜನ ನೆನೆಯುವುದು 1968ರ ವರ್ಲ್ಡ್ ಸೀರೀಸ್‌ನ ನಿರ್ಣಾಯಕ ಏಳನೇ ಪಂದ್ಯವನ್ನು. ಏಳನೇ ಇನಿಂಗ್ಸ್‌ವರೆಗೂ ಎರಡೂ ಕಡೆ ಸೊನ್ನೆಯಿದ್ದಾಗ ಡೆಟ್ರಾಯಿಟ್‌ನ ಜಿಮ್ ನಾರ್ತ್‌ರಪ್ ಎತ್ತಿ ಹೊಡೆದ ಚೆಂಡಿಗೆ ಫ್ಲಡ್ ಮೊದಲು ಮುಂದಕ್ಕೆ ಹೆಜ್ಜೆಯಿಟ್ಟರು, ಹಿಂದಕ್ಕೆ ತಿರುಗುವಾಗ ಕಾಲು ಜಾರಿತು, ಚೆಂಡು ತಲೆಯ ಮೇಲಿಂದ ಹೋಗಿ ಎರಡು ರನ್ ಬಂದವು. ಒಂದು ಹೆಜ್ಜೆಗೆ ಅಷ್ಟು ವರ್ಷಗಳ ಆಟವನ್ನು ಒತ್ತೆಯಿಡುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ.

ಉತ್ತರ — ನ್ಯಾಯಪೀಠ:
ಕೀರ್ತಿಯನ್ನು ಹಂಚಿಯೇ ಕೊಡಬೇಕು. ಷರತ್ತನ್ನು ನಿಜವಾಗಿ ಮುರಿದದ್ದು ಆಟಗಾರರಾದ ಆಂಡಿ ಮೆಸರ್‌ಸ್ಮಿತ್ ಮತ್ತು ಡೇವ್ ಮೆಕ್‌ನ್ಯಾಲಿ ಅವರ ಪ್ರಕರಣ. ಹೊಸ ಒಪ್ಪಂದಕ್ಕೆ ಸಹಿ ಹಾಕದೆ ಒಂದು ವರ್ಷ ಆಡಿದವರು ಸ್ವತಂತ್ರರು ಎಂದು ಮಧ್ಯಸ್ಥಗಾರ ಪೀಟರ್ ಸೀಟ್ಜ್ 1975ರ ಡಿಸೆಂಬರ್‌ನಲ್ಲಿ ತೀರ್ಪಿತ್ತರು. ಸುಪ್ರೀಂ ಕೋರ್ಟಾದರೋ, ಏಕಸ್ವಾಮ್ಯ ವಿರೋಧಿ ಕಾನೂನು ಬೇಸ್‌ಬಾಲ್‌ಗೆ ಅನ್ವಯಿಸದು ಎಂಬ 1922ರ ತನ್ನ ಹಳೆಯ ತೀರ್ಪಿಗೇ ಜೋತುಬಿದ್ದಿತ್ತು. ಬೇಸ್‌ಬಾಲ್‌ಗಿದ್ದ ಈ ವಿನಾಯಿತಿ ಅಸಂಗತವೆಂದು ಒಪ್ಪಿಕೊಂಡೂ ತಿದ್ದುಪಡಿಯ ಹೊಣೆಯನ್ನು ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ತಲೆಗೆ ಕಟ್ಟಿತು. ಆದರೆ ಷರತ್ತಿನ ಅನ್ಯಾಯವನ್ನು ಬೀದಿಗೆ ತಂದವರು ಫ್ಲಡ್, ಬೆಲೆ ತೆತ್ತವರೂ ಅವರೇ. ವಿಚಾರಣೆಯಲ್ಲಿ ನಿವೃತ್ತ ಆಟಗಾರ ಜಾಕಿ ರಾಬಿನ್ಸನ್ ಸಾಕ್ಷಿ ನುಡಿದರು. ಆಗ ಆಡುತ್ತಿದ್ದವರಲ್ಲಿ ಒಬ್ಬರೂ ನ್ಯಾಯಾಲಯದ ಕಡೆ ಸುಳಿಯಲಿಲ್ಲ. 1970ರ ಋತುವನ್ನು ಕಳೆದುಕೊಂಡ ಫ್ಲಡ್, 1971ರಲ್ಲಿ ವಾಷಿಂಗ್ಟನ್ ಪರ 13 ಪಂದ್ಯಗಳಿಗೇ ಆಟ ನಿಲ್ಲಿಸಿ ಸ್ಪೇನಿನ ಮಯೋರ್ಕಾ ದ್ವೀಪಕ್ಕೆ ಹೋದರು. 1997ರಲ್ಲಿ ತೀರಿಕೊಂಡರು, ಆಟಗಾರರ ಮಟ್ಟಿಗೆ ಆ ವಿನಾಯಿತಿಯನ್ನು ತೆಗೆದುಹಾಕಿದ, ಅವರ ಹೆಸರಿನ ಕಾಯ್ದೆ ಬಂದದ್ದು ಮರುವರ್ಷ.

ಬಯಲಾಟ:
ಧನ್ಯವಾದಗಳು. ಅವರು ಆಡುವುದನ್ನು ಬಿಟ್ಟ ಮೇಲೆ, 1975ಕ್ಕೂ ಮುಂಚೆ, ಆಟಗಾರರಿಗೆ ಏನಾದರೂ ದಕ್ಕಿತೇ?

ನ್ಯಾಯಪೀಠ:
ದಕ್ಕಿತು. ಹತ್ತು ವರ್ಷ ಲೀಗಿನಲ್ಲಿದ್ದು, ಕೊನೆಯ ಐದು ವರ್ಷ ಒಂದೇ ತಂಡಕ್ಕೆ ಆಡಿದವರು ವರ್ಗಾವಣೆಯನ್ನು ನಿರಾಕರಿಸಬಹುದೆಂಬ ನಿಯಮವನ್ನು ಮಾಲೀಕರು 1973ರಲ್ಲಿ ಒಪ್ಪಿಕೊಂಡರು. ಅದು 1969ರಲ್ಲೇ ಇದ್ದಿದ್ದರೆ ಫ್ಲಡ್ ಅವರು ಕೋರ್ಟಿನ ಮೆಟ್ಟಿಲು ಹತ್ತಬೇಕಾಗಿಯೇ ಇರಲಿಲ್ಲ.